ದಾವಣಗೆರೆಯಲ್ಲಿ ಕೂತು ಹಾರ್ನೆಸ್ ರೇಸ್: ನೋಡುವ, ಓದುವ, ಕಾಸಿಲ್ಲದೆ ಕುದುರೆ ಆರಿಸುವ ಸಮಗ್ರ ಮಾರ್ಗದರ್ಶಿ

ಕುದುರೆ ರೇಸ್ ಎಂದರೆ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್. ಥರೋಬ್ರೆಡ್ ಕುದುರೆ, ಬೆನ್ನ ಮೇಲೆ ಜಾಕಿ, ನಾಗಾಲೋಟ. ಹಾರ್ನೆಸ್ ರೇಸ್‌ನಲ್ಲಿ ಆ ನಾಗಾಲೋಟವೇ ತಪ್ಪು. ಕುದುರೆಯ ಹಿಂದೆ ಎರಡು ಚಕ್ರದ ಹಗುರವಾದ ಗಾಡಿ, ಅದರ ಹೆಸರು ಸಲ್ಕಿ. ಅದರಲ್ಲಿ ಕಾಲು ಚಾಚಿ ಕೂತ ಡ್ರೈವರ್. ಕುದುರೆ ಒಂದೇ ನಡಿಗೆಯಲ್ಲಿ, ಲಯ ಬಿಡದೆ, ಸಾಮಾನ್ಯವಾಗಿ ಒಂದು ಮೈಲಿ ಓಡಬೇಕು. ಅಮೆರಿಕ, ಕೆನಡಾ, ಫ್ರಾನ್ಸ್, ಸ್ವೀಡನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇದು ದೊಡ್ಡ ಆಟ. ನಮ್ಮ ರೇಸ್‌ಕೋರ್ಸ್‌ಗಳಲ್ಲಿ ಇದಿಲ್ಲ. ಆದರೆ ಫೋನಿದ್ದರೆ ವಿದ್ಯಾನಗರದ ಮನೆಯಲ್ಲಿ ಕೂತು ನ್ಯೂಜೆರ್ಸಿಯ ರೇಸ್ ನೋಡಬಹುದು, ನಾಲ್ಕು ಜನ ಗೆಳೆಯರಿದ್ದರೆ ವಾದಕ್ಕೂ ಕೊರತೆಯಿಲ್ಲ.

ಈ ಆಟದಲ್ಲಿ ಎಷ್ಟನೇ ಸ್ಥಾನ ಬಂತು ಎಂಬುದಕ್ಕಿಂತ ಯಾವ ದಾರಿಯಲ್ಲಿ ಓಡಿ ಆ ಸ್ಥಾನಕ್ಕೆ ಬಂತು ಎಂಬುದು ಹೆಚ್ಚು ಹೇಳುತ್ತದೆ. ಇದನ್ನು ಅಲ್ಲಿನವರು ಟ್ರಿಪ್ ಎನ್ನುತ್ತಾರೆ. ಕೆಳಗಿನ ಹಂತಗಳೆಲ್ಲ ಟ್ರಿಪ್ ಓದುವುದನ್ನು ಕಲಿಯುವುದಕ್ಕೇ.

ಹಂತ 1: ಮೊದಲು ಕಾಲು ನೋಡಿ

ಹಾರ್ನೆಸ್ ಕುದುರೆಗಳಲ್ಲಿ ಎರಡು ಬಗೆ. ಟ್ರಾಟರ್ ಕುದುರೆಯ ಮುಂದಿನ ಎಡಗಾಲು ಮತ್ತು ಹಿಂದಿನ ಬಲಗಾಲು ಒಟ್ಟಿಗೆ ಏಳುತ್ತವೆ, ಆಮೇಲೆ ಇನ್ನೊಂದು ಜೋಡಿ. ಪೇಸರ್ ಕುದುರೆಯಲ್ಲಿ ಒಂದೇ ಮಗ್ಗುಲಿನ ಎರಡೂ ಕಾಲು ಒಟ್ಟಿಗೆ ಮುಂದೆ ಹೋಗುತ್ತವೆ. ಒಂಟೆ ನಡೆಯುವುದೂ ಹೀಗೆಯೇ. ಪೇಸರ್‌ಗಳ ಕಾಲಿಗೆ ಹಾಪಲ್ಸ್ ಎಂಬ ಪಟ್ಟಿ ಹಾಕಿರುತ್ತಾರೆ. ಅದು ಆ ಮಗ್ಗುಲಿನ ಕಾಲುಗಳನ್ನು ಲಯದಲ್ಲಿ ಹಿಡಿದಿಡುತ್ತದೆ. ಹಾಗಾಗಿ ಪೇಸರ್ ಲಯ ತಪ್ಪುವುದು ಕಡಿಮೆ, ವೇಗವೂ ತುಸು ಹೆಚ್ಚು. ಅಮೆರಿಕ, ಕೆನಡಾದಲ್ಲಿ ಹೆಚ್ಚಿನ ರೇಸ್‌ಗಳು ಪೇಸರ್‌ಗಳದು. ಫ್ರಾನ್ಸ್, ಸ್ವೀಡನ್, ಇಟಲಿಯಲ್ಲಿ ಟ್ರಾಟರ್‌ಗಳದೇ ರಾಜ್ಯ.

ಓಡುತ್ತಾ ಓಡುತ್ತಾ ಕುದುರೆ ನಾಗಾಲೋಟಕ್ಕೆ ಬಿದ್ದರೆ ಅದಕ್ಕೆ ಬ್ರೇಕ್ ಎನ್ನುತ್ತಾರೆ. ಡ್ರೈವರ್ ತಕ್ಷಣ ಲಗಾಮು ಎಳೆದು, ಜಾಗವಿದ್ದರೆ ಹೊರಗೆ ಸರಿದು, ಮತ್ತೆ ಲಯಕ್ಕೆ ತರಬೇಕು. ಆ ಗಡಿಬಿಡಿಯಲ್ಲಿ ನೆಲ ಕಳೆದುಕೊಳ್ಳಲೇಬೇಕು. ಲಾಭ ಮಾಡಿಕೊಂಡರೆ ಹಿಂದಿನ ಸ್ಥಾನಕ್ಕೆ ಇಳಿಸುತ್ತಾರೆ. ಫ್ರಾನ್ಸಿನಲ್ಲಿ ಇನ್ನೂ ಬಿಗಿ, ಅನರ್ಹ ಎಂದು ಹೊರಗೇ ಹಾಕುತ್ತಾರೆ. ಹತ್ತು ಲಕ್ಷ ಡಾಲರ್ ಬಹುಮಾನದ ರೇಸ್‌ನಲ್ಲಿ ಎಲ್ಲರ ಮೆಚ್ಚಿನ ಟ್ರಾಟರ್ ಮೊದಲ ತಿರುವಿನಲ್ಲೇ ಬ್ರೇಕ್ ಮಾಡಿ ಕೊನೆಗೆ ಬೀಳುವುದುಂಟು. ಟ್ರಾಟ್ ನೋಡುವ ಮಜಾ ಅರ್ಧ ಈ ಭಯದಲ್ಲೇ ಇದೆ.

ತಳಿಯ ಹೆಸರು ಸ್ಟ್ಯಾಂಡರ್ಡ್‌ಬ್ರೆಡ್. 1879ರಲ್ಲಿ ಅಮೆರಿಕದವರು ಎರಡೂವರೆ ನಿಮಿಷದೊಳಗೆ ಒಂದು ಮೈಲಿ ಎಂಬ ಮಾನದಂಡ ಇಟ್ಟು ಕುದುರೆಗಳನ್ನು ನೋಂದಾಯಿಸಿದ್ದರಿಂದ ಆ ಹೆಸರು ಬಂತು. ಇಂದಿನ ಅಮೆರಿಕದ ಸ್ಟ್ಯಾಂಡರ್ಡ್‌ಬ್ರೆಡ್‌ಗಳ ವಂಶ ಹಿಂದಕ್ಕೆ ಹಿಡಿದು ಹೋದರೆ ಬಹುಪಾಲು 1849ರಲ್ಲಿ ಹುಟ್ಟಿದ ಹ್ಯಾಂಬಲ್ಟೋನಿಯನ್ 10 ಎಂಬ ಗಂಡು ಕುದುರೆಯ ಹತ್ತಿರ ನಿಲ್ಲುತ್ತದೆ. ಆ 10 ನೋಂದಣಿ ಪುಸ್ತಕದ ಸಂಖ್ಯೆ. ಪೇಸ್ ನಡಿಗೆಗೆ ಸಂಬಂಧಿಸಿದ ಡಿಎಂಆರ್‌ಟಿ3 ಎಂಬ ಜೀನ್‌ನ ಬದಲಾವಣೆಯನ್ನು ಸ್ವೀಡನ್ನಿನ ಸಂಶೋಧಕರು 2012ರಲ್ಲಿ ಗುರುತಿಸಿದರು. ಕಾಲಿನ ಲಯ ಕಲಿಸಿದ್ದಷ್ಟೇ ಅಲ್ಲ, ರಕ್ತದಲ್ಲೂ ಇದೆ ಎಂದಾಯಿತು.

ಶುರುವಿನಲ್ಲಿ ಮಾಡಬೇಕಾದ ಅಭ್ಯಾಸ ಒಂದೇ. ಯಾವುದಾದರೂ ರೀಪ್ಲೇ ಹಾಕಿ, ದನಿ ಆಫ್ ಮಾಡಿ, ವೇಗ ಅರ್ಧಕ್ಕಿಳಿಸಿ, ಕಾಲು ಮಾತ್ರ ನೋಡಿ. ಇದು ಟ್ರಾಟ್, ಇದು ಪೇಸ್ ಎಂದು ನೋಡಿದ ಕೂಡಲೇ ಹೇಳುವಂತಾದ ಮೇಲೆ ಮುಂದಿನ ಹಂತ.

ಹಂತ 2: ಗಡಿಯಾರ ಮತ್ತು ಕ್ಯಾಲೆಂಡರ್

ನ್ಯೂಜೆರ್ಸಿಯ ಮೆಡೋಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ಶುಕ್ರವಾರ, ಶನಿವಾರ ರಾತ್ರಿ ರೇಸ್ ನಡೆಯುತ್ತವೆ. ನಮಗದು ಮಾರನೇ ದಿನದ ನಸುಕು. ಬೇಸಿಗೆಯಲ್ಲಿ ಅಲ್ಲಿನ ಸಮಯಕ್ಕೆ ಒಂಬತ್ತೂವರೆ ಗಂಟೆ ಕೂಡಿಸಿ, ನವೆಂಬರ್‌ನಿಂದ ಮಾರ್ಚ್‌ವರೆಗೆ ಹತ್ತೂವರೆ. ಅಲ್ಲಿ ಸಂಜೆ ಆರೂವರೆ ಎಂದರೆ ಇಲ್ಲಿ ಬೆಳಗಿನ ಜಾವ ನಾಲ್ಕು ಅಥವಾ ಐದು. ಮಂಡಕ್ಕಿ ಭಟ್ಟಿಯ ಕಡೆಯವರು ಎದ್ದಿರುವ ಹೊತ್ತು, ಬೆಣ್ಣೆ ದೋಸೆ ಹೋಟೆಲ್ ಇನ್ನೂ ಬಾಗಿಲು ತೆರೆಯದ ಹೊತ್ತು. ಎಲ್ಲ ರೇಸನ್ನೂ ನೇರಪ್ರಸಾರದಲ್ಲೇ ನೋಡುತ್ತೇನೆಂಬ ಹಟ ಬೇಡ. ಫಲಿತಾಂಶ ನೋಡದೆ ರೀಪ್ಲೇ ನೋಡುವ ಶಿಸ್ತು ಬೆಳೆಸಿಕೊಂಡರೆ ಅಷ್ಟೇ ಖುಷಿ. ಅಮೆರಿಕದ ಯುನೈಟೆಡ್ ಸ್ಟೇಟ್ಸ್ ಟ್ರಾಟಿಂಗ್ ಅಸೋಸಿಯೇಷನ್ ಮತ್ತು ಕೆನಡಾದ ಸ್ಟ್ಯಾಂಡರ್ಡ್‌ಬ್ರೆಡ್ ಕೆನಡಾ ಎರಡೂ ತಮ್ಮ ವೆಬ್‌ಸೈಟಿನಲ್ಲಿ ಎಂಟ್ರಿ (ಯಾವ ರೇಸಿಗೆ ಯಾವ ಕುದುರೆ ಎಂಬ ಪಟ್ಟಿ), ಫಲಿತಾಂಶಗಳನ್ನು ಪುಕ್ಕಟೆ ಕೊಡುತ್ತವೆ.

ನಿದ್ದೆಗೆಡಲು ಯೋಗ್ಯವಾದ ದಿನಗಳು ಕೆಲವೇ. ಆಗಸ್ಟ್‌ನ ಮೊದಲ ಶನಿವಾರ ಮೆಡೋಲ್ಯಾಂಡ್ಸ್‌ನಲ್ಲಿ ಹ್ಯಾಂಬಲ್ಟೋನಿಯನ್ ಎಂಬ ರೇಸ್, ಮೂರು ವರ್ಷದ ಟ್ರಾಟರ್‌ಗಳಿಗೆ. 1926ರಿಂದ ನಡೆಯುತ್ತಿದೆ, 1981ರಿಂದ ಇದೇ ಟ್ರ್ಯಾಕ್‌ನಲ್ಲಿ. ಹಗಲಿನ ರೇಸ್ ಆದ್ದರಿಂದ ನಮಗೆ ಶನಿವಾರ ನಡುರಾತ್ರಿ ದಾಟಿದ ಮೇಲೆ ಬರುತ್ತದೆ. ಸೆಪ್ಟೆಂಬರ್ ಮೊದಲ ಸೋಮವಾರದ ನಂತರದ ಮೂರನೇ ಗುರುವಾರ ಒಹಾಯೊದ ಡೆಲವೇರ್ ಎಂಬ ಊರಲ್ಲಿ ಲಿಟಲ್ ಬ್ರೌನ್ ಜಗ್, ಮೂರು ವರ್ಷದ ಪೇಸರ್‌ಗಳಿಗೆ, 1946ರಿಂದ. ಊರ ಜಾತ್ರೆಯ ಮೈದಾನದ ಅರ್ಧ ಮೈಲಿ ಟ್ರ್ಯಾಕ್ ಅದು, ಜನ ಬೇಲಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಕೆನಡಾದ ವುಡ್‌ಬೈನ್ ಮೊಹಾಕ್ ಪಾರ್ಕ್‌ನಲ್ಲಿ ನಾರ್ತ್ ಅಮೆರಿಕ ಕಪ್, ಹತ್ತು ಲಕ್ಷ ಕೆನಡಿಯನ್ ಡಾಲರ್ ಬಹುಮಾನದ್ದು.

ಯುರೋಪಿನ ದೊಡ್ಡ ದಿನಗಳು ನಮ್ಮ ಮನೆಯವರಿಗೂ ಒಪ್ಪಿಗೆಯಾಗುವ ಹೊತ್ತಿನಲ್ಲಿ ಬರುತ್ತವೆ. ಜನವರಿಯ ಕೊನೆಯ ಭಾನುವಾರ ಪ್ಯಾರಿಸ್ಸಿನ ವಿನ್ಸೆನ್‌ನಲ್ಲಿ ಪ್ರಿ ದಾಮೆರಿಕ್, ನಮಗೆ ರಾತ್ರಿ ಊಟದ ಹೊತ್ತು. ಮೇ ಕೊನೆಯ ಭಾನುವಾರ ಸ್ಟಾಕ್‌ಹೋಮಿನ ಸೊಲ್‌ವಾಲಾದಲ್ಲಿ ಎಲಿಟ್‌ಲೊಪೆಟ್. ಹೀಟ್ ಎಂಬ ಆಯ್ಕೆ ಸುತ್ತುಗಳೂ ಫೈನಲ್ಲೂ ಒಂದೇ ದಿನ. ನವೆಂಬರ್‌ನ ಎರಡನೇ ಮಂಗಳವಾರ ಕ್ರೈಸ್ಟ್‌ಚರ್ಚಿನ ಆಡಿಂಗ್ಟನ್‌ನಲ್ಲಿ ನ್ಯೂಜಿಲೆಂಡ್ ಕಪ್, 3200 ಮೀಟರ್, ನಿಂತಲ್ಲಿಂದ ಆರಂಭ. ನ್ಯೂಜಿಲೆಂಡ್ ಆಗ ನಮಗಿಂತ ಏಳೂವರೆ ಗಂಟೆ ಮುಂದಿರುವುದರಿಂದ ಕೆಲಸದ ದಿನದ ಬೆಳಗ್ಗೆಯೇ ಮುಗಿದುಹೋಗುತ್ತದೆ. ಆಫೀಸಿನಲ್ಲಿ ಫೋನ್ ಮೇಜಿನ ಕೆಳಗೆ ಹಿಡಿದು ನೋಡುವವರು ನೋಡುತ್ತಾರೆ, ನಾನೇನೂ ಹೇಳಲಾರೆ.

ಸಮಯ ಬರೆಯುವ ಪದ್ಧತಿ ಹೊಸಬರನ್ನು ಮೋಸ ಮಾಡುತ್ತದೆ. ಅಮೆರಿಕದಲ್ಲಿ 1:51.2 ಎಂದರೆ ಒಂದು ನಿಮಿಷ ಐವತ್ತೊಂದು ಸೆಕೆಂಡ್, ಮೇಲೆ ಐದನೇ ಎರಡು ಭಾಗ. ಚುಕ್ಕಿಯ ಮುಂದೆ 4ಕ್ಕಿಂತ ದೊಡ್ಡ ಅಂಕಿ ಬರುವುದಿಲ್ಲ. 1:50.4ಕ್ಕೂ 1:51ಕ್ಕೂ ವ್ಯತ್ಯಾಸ ಬರೀ ಐದನೇ ಒಂದು ಸೆಕೆಂಡ್. ಆ ಐದನೇ ಒಂದು ಸೆಕೆಂಡ್‌ಗೆ ಸುಮಾರು ಒಂದು ಕುದುರೆ ಉದ್ದ ಎಂದು ಲೆಕ್ಕ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಯುರೋಪಿನವರು ಕಿಲೋಮೀಟರಿಗೆ ಎಷ್ಟು ಹೊತ್ತು ಎಂದು ಬರೆಯುತ್ತಾರೆ. ಅಮೆರಿಕದ ಮೈಲಿ ಸಮಯವನ್ನು ಸೆಕೆಂಡ್ ಮಾಡಿ 1.609ರಿಂದ ಭಾಗಿಸಿದರೆ ಹೊಂದುತ್ತದೆ: 1:50ರ ಮೈಲಿ ಎಂದರೆ ಕಿಲೋಮೀಟರಿಗೆ ಸುಮಾರು 68.4 ಸೆಕೆಂಡ್.

ಹಂತ 3: ಒಂದು ಮೈಲಿಯೊಳಗೆ ಏನಾಗುತ್ತದೆ

ರೆಕ್ಕೆ ಬಿಚ್ಚಿದ ಗೇಟ್ ಹೊತ್ತ ಕಾರೊಂದು ಮುಂದೆ ಓಡುತ್ತದೆ, ಕುದುರೆಗಳು ಅದರ ಹಿಂದೆ ಸಾಲಾಗಿ ವೇಗ ಹಿಡಿಯುತ್ತವೆ. ಗೆರೆ ಬಂದ ಕೂಡಲೇ ಕಾರು ಜೋರಾಗಿ ಮುಂದೆ ಹೋಗಿ ರೆಕ್ಕೆ ಮಡಚುತ್ತದೆ. ಅಲ್ಲಿಂದ ಮೊದಲ ತಿರುವಿನವರೆಗೆ ನಡೆಯುವುದು ಜಾಗದ ಜಗಳ.

ಒಳಗಿನ ಅಂಚಿಗೆ ಎಲ್ಲರಿಗಿಂತ ಮುಂದೆ ಇರುವವನು ಲೀಡರ್. ಗಾಳಿ ಅವನ ಮುಖಕ್ಕೆ, ಆದರೆ ವೇಗ ಅವನ ಕೈಯಲ್ಲಿ. ಅವನ ಬೆನ್ನಿಗೆ ಅಂಟಿಕೊಂಡವನು ಪಾಕೆಟ್‌ನಲ್ಲಿದ್ದಾನೆ: ಗಾಳಿ ಇಲ್ಲ, ಹತ್ತಿರದ ದಾರಿ, ಸುಖ. ತೊಂದರೆ ಒಂದೇ, ಪಕ್ಕದಲ್ಲಿ ಯಾರಾದರೂ ಬಂದು ನಿಂತರೆ ಹೊರಬರಲು ಬಾಗಿಲಿಲ್ಲ. ಅರ್ಧ ಮೈಲಿಯ ಹೊತ್ತಿಗೆ ಹಿಂದಿನಿಂದ ಒಬ್ಬ ಹೊರಗೆ ಬಂದು ಲೀಡರ್‌ನ ಪಕ್ಕಕ್ಕೆ ಏರುತ್ತಾನೆ. ಅವನೇ ಫಸ್ಟ್ ಓವರ್. ಗಾಳಿಯೂ ಅವನದೇ, ದೂರದ ದಾರಿಯೂ ಅವನದೇ. ಆಸ್ಟ್ರೇಲಿಯಾದವರು ಲೀಡರ್‌ನ ಪಕ್ಕದ ಆ ಜಾಗವನ್ನು ಡೆತ್ ಸೀಟ್ ಎನ್ನುವುದು ಸುಮ್ಮನೆ ಅಲ್ಲ. ಅವನ ಬೆನ್ನಿಗೆ ಬಂದವನು ಸೆಕೆಂಡ್ ಓವರ್. ಇವನಿಗೆ ಕವರ್, ಅಂದರೆ ಗಾಳಿಗೆ ಮರೆ, ಸಿಕ್ಕಿದೆ. ಕೊನೆಯ ತಿರುವಿನಲ್ಲಿ ಮೂರನೇ ಸಾಲಿಗೆ ಎಳೆದು ಹಾರಿದರೆ ಗೆಲ್ಲುವ ಸಾಧ್ಯತೆ ಇವನಿಗೇ ಚೆನ್ನ.

ಹೊರಗೆ ಓಡುವುದು ಎಷ್ಟು ದುಬಾರಿ? ಜಿಲ್ಲಾ ಕ್ರೀಡಾಂಗಣದಲ್ಲಿ 400 ಮೀಟರ್ ಓಟ ನೋಡಿದ್ದೀರಲ್ಲ, ಹೊರ ಲೇನಿನ ಹುಡುಗರನ್ನು ಮುಂದೆ ಮುಂದೆ ನಿಲ್ಲಿಸುತ್ತಾರೆ. ಲೇನಿನ ಅಗಲ 1.22 ಮೀಟರ್, ಅದಕ್ಕೆ ಒಂದು ಸುತ್ತಿಗೆ ಏಳೂವರೆ ಮೀಟರಿಗೂ ಮೀರಿ ಹೆಚ್ಚು ಓಡಬೇಕಾಗುತ್ತದೆ. ಕುದುರೆಗೆ ಯಾರೂ ಹಾಗೆ ಮುಂದೆ ನಿಲ್ಲಿಸುವುದಿಲ್ಲ. ಸಲ್ಕಿ ಒಂದೂವರೆ ಮೀಟರ್ ಹೊರಗಿದೆ ಎಂದುಕೊಳ್ಳಿ. ಒಂದು ಮೈಲಿಯ ಟ್ರ್ಯಾಕ್‌ನಲ್ಲಿ ಪೂರ್ತಿ ರೇಸ್ ಹೊರಗೇ ಓಡಿದರೆ ಒಂದು ಸುತ್ತಿಗೆ ಒಂಬತ್ತು ಮೀಟರ್ ಚಿಲ್ಲರೆ ಹೆಚ್ಚು, ಸುಮಾರು ನಾಲ್ಕು ಕುದುರೆ ಉದ್ದ. ಅರ್ಧ ಮೈಲಿಯ ಟ್ರ್ಯಾಕ್‌ನಲ್ಲಿ ಅದೇ ಮೈಲಿಗೆ ಎರಡು ಸುತ್ತು, ಹಾಗಾಗಿ ನಷ್ಟ ಎರಡರಷ್ಟು. ಟ್ರ್ಯಾಕ್ ದೊಡ್ಡದೋ ಚಿಕ್ಕದೋ, ಪ್ರತಿ ಸುತ್ತಿನ ನಷ್ಟ ಒಂದೇ. ಸುತ್ತುಗಳ ಸಂಖ್ಯೆ ಮಾತ್ರ ಬದಲಾಗುತ್ತದೆ. ನೇರ ದಾರಿಯಲ್ಲಿ ಹೊರಗಿದ್ದರೆ ದೂರದ ನಷ್ಟವಿಲ್ಲ, ಗಾಳಿಯ ನಷ್ಟ ಮಾತ್ರ. ಎರಡು ಕುದುರೆ ಉದ್ದದಿಂದ ಸೋತ ಕುದುರೆ ತಿರುವಿನಲ್ಲಿ ಹೊರಗಿತ್ತೋ ಇಲ್ಲವೋ ಎಂದು ಮೊದಲು ಕೇಳುವುದು ಈ ಕಾರಣಕ್ಕೆ.

ಹಂತ 4: ಒಂದು ಸಾಲನ್ನು ಬಿಡಿಸಿ ಓದುವುದು

ಇಲ್ಲಿ ಆತುರ ಬೇಡ. ಅಮೆರಿಕದ ರೇಸ್ ಪ್ರೋಗ್ರಾಮಿನಲ್ಲಿ ಪ್ರತಿ ಕುದುರೆಯ ಹೆಸರಿನ ಕೆಳಗೆ ಅದರ ಹಿಂದಿನ ಓಟಗಳು ಒಂದೊಂದು ಸಾಲಾಗಿ ಇರುತ್ತವೆ. ಮೊದಲ ನೋಟಕ್ಕೆ ಮಗ್ಗಿ ಪುಸ್ತಕ ಕಲಸಿಟ್ಟ ಹಾಗೆ ಕಾಣುತ್ತದೆ. ಕ್ರಮ ಇಷ್ಟೇ: ದಿನಾಂಕ, ಟ್ರ್ಯಾಕ್, ನೆಲದ ಸ್ಥಿತಿ, ರೇಸಿನ ದರ್ಜೆ, ಆಮೇಲೆ ಲೀಡರ್‌ನ ಕಾಲು ಮೈಲಿ, ಅರ್ಧ ಮೈಲಿ, ಮುಕ್ಕಾಲು ಮೈಲಿಯ ಸಮಯ ಮತ್ತು ಗೆದ್ದ ಸಮಯ, ಆಮೇಲೆ ಈ ಕುದುರೆಯ ಗೇಟ್ ಸಂಖ್ಯೆ (ಆರಂಭದ ಸಾಲಿನಲ್ಲಿ ಒಳಗಿನಿಂದ ಎಣಿಸಿದ ಜಾಗ), ಆ ಆ ಹಂತದಲ್ಲಿ ಅದರ ಸ್ಥಾನ, ಎಷ್ಟು ಉದ್ದ ಹಿಂದೆ, ಕೊನೆಗೆ ಅದರ ಸ್ವಂತ ಸಮಯ, ಆಡ್ಸ್ (ಬೆಟ್ಟಿಂಗ್ ದರ), ಡ್ರೈವರ್.

ಸ್ಥಾನದ ಅಂಕಿಯ ತಲೆಯ ಮೇಲೆ ಪುಟ್ಟ ಸೊನ್ನೆ ಇದ್ದರೆ ಆ ಹಂತದಲ್ಲಿ ಕುದುರೆ ಹೊರ ಸಾಲಿನಲ್ಲಿತ್ತು ಎಂದರ್ಥ. ಇಡೀ ಪ್ರೋಗ್ರಾಮಿನಲ್ಲಿ ಇದಕ್ಕಿಂತ ಬೆಲೆಬಾಳುವ ಗುರುತು ಇನ್ನೊಂದಿಲ್ಲ. ಅಂಕಿಯ ಪಕ್ಕ ಗುಣಿಸು ಗುರುತಿದ್ದರೆ ಅಲ್ಲಿ ಬ್ರೇಕ್ ಆಗಿದೆ.

ಉದಾಹರಣೆಗೆಂದು ನಾನೇ ಒಂದು ಸಾಲು ಕಟ್ಟುತ್ತೇನೆ. ಮೈಲಿ ಟ್ರ್ಯಾಕ್. ಲೀಡರ್‌ನ ಸಮಯ 27.1, 56, 1:24, ಗೆದ್ದದ್ದು 1:51.3. ನಮ್ಮ ಕುದುರೆ: ಗೇಟ್ 7, ಕಾಲು ಮೈಲಿಯಲ್ಲಿ 7ನೇ ಸ್ಥಾನ, ಅರ್ಧದಲ್ಲಿ 5°, ನಾಲ್ಕೂವರೆ ಉದ್ದ ಹಿಂದೆ, ಮುಕ್ಕಾಲಿನಲ್ಲಿ 3°, ಒಂದೂವರೆ ಉದ್ದ ಹಿಂದೆ, ಕೊನೆಗೆ 4ನೇ ಸ್ಥಾನ, ಎರಡು ಉದ್ದ ಹಿಂದೆ, ಸ್ವಂತ ಸಮಯ 1:52.

ಫಲಿತಾಂಶ ಮಾತ್ರ ನೋಡುವವರಿಗೆ ಇದು ನಾಲ್ಕನೇ ಸ್ಥಾನದ ಕುದುರೆ, ಬಿಟ್ಟಾಕು. ಈಗ ಬಿಡಿಸಿ ನೋಡೋಣ. ಲೀಡರ್‌ಗೆ ಮೊದಲ ಕಾಲು ಮೈಲಿ 27.1, ಎರಡನೇ ಕಾಲು 28.4. ಅಂದರೆ ಮುಂದಿದ್ದವನು ಆರಾಮಾಗಿ ಉಸಿರು ತೆಗೆದುಕೊಂಡಿದ್ದಾನೆ, ಯಾರೂ ಅವನನ್ನು ಕೆಣಕಿಲ್ಲ. ಮೂರನೇ ಕಾಲನ್ನು ಅವನು 28ರಲ್ಲಿ ಓಡಿದ. ಅದೇ ಹೊತ್ತಲ್ಲಿ ನಮ್ಮ ಕುದುರೆ ನಾಲ್ಕೂವರೆ ಉದ್ದದಿಂದ ಒಂದೂವರೆಗೆ ಬಂದಿದೆ. ಮೂರು ಉದ್ದ ಮೇಲೆ ಬಂತು ಎಂದರೆ ಐದನೇ ಮೂರು ಸೆಕೆಂಡ್ ಕಡಿಮೆ: ಅದು ಆ ಕಾಲು ಮೈಲಿಯನ್ನು ಓಡಿದ್ದು ಸುಮಾರು 27.2ರಲ್ಲಿ, ಅದೂ ಹೊರ ಸಾಲಿನಲ್ಲಿ, ತಿರುವಿನಲ್ಲಿ. ಅಷ್ಟಾದ ಮೇಲೂ ಕೊನೆಯ ಕಾಲಿನಲ್ಲಿ ಗೆದ್ದವನಿಗಿಂತ ಅರ್ಧ ಉದ್ದ ಮಾತ್ರ ಬಿಟ್ಟುಕೊಟ್ಟಿದೆ. ಎರಡನೇ ಸ್ಥಾನ ಬಂದವನು ಪಾಕೆಟ್‌ನಲ್ಲಿ ಕೂತು ಬಂದಿದ್ದರೆ ನನ್ನ ಮಟ್ಟಿಗೆ ಆ ರೇಸಿನಲ್ಲಿ ಅವನಿಗಿಂತ ಚೆನ್ನಾಗಿ ಓಡಿದ್ದು ಈ ನಾಲ್ಕನೆಯದು. ಮುಂದಿನ ವಾರ ಅದಕ್ಕೆ 2 ಅಥವಾ 3ನೇ ಗೇಟ್ ಸಿಕ್ಕರೆ ನನ್ನ ಪಿಕ್ ಅದೇ.

ತಿರುಗಾ ಮುರುಗಾ ಸಾಲುಗಳೂ ಇರುತ್ತವೆ. ಹೊರ ಸಾಲಿನಲ್ಲಿದ್ದರೂ ಕವರ್ ಇತ್ತೋ ಇಲ್ಲವೋ ಸೊನ್ನೆ ಹೇಳುವುದಿಲ್ಲ. ಅದಕ್ಕೆ ರೀಪ್ಲೇಯೇ ಗತಿ. ಪಾಕೆಟ್‌ನಲ್ಲಿ ಬಾಗಿಲು ಸಿಗದೆ ಲಗಾಮು ಬಿಗಿ ಹಿಡಿದೇ ಗೆರೆ ದಾಟಿದ ಕುದುರೆಯೂ ಸಾಲಿನಲ್ಲಿ ಕಾಣುವುದಿಲ್ಲ. ಕೊನೆಯ ನೇರದಲ್ಲಿ ಕ್ಯಾಮೆರಾ ಗೆಲ್ಲುವ ಕುದುರೆಯ ಮೇಲಿರುತ್ತದೆ, ನೀವು ಅದರ ಹಿಂದಿನ ಡ್ರೈವರ್‌ಗಳ ಕೈ ನೋಡಿ. ಲಗಾಮು ಸಡಿಲ ಬಿಟ್ಟು ಒತ್ತಾಯಿಸುತ್ತಿದ್ದಾನೋ, ಜಾಗವಿಲ್ಲದೆ ಹಿಡಿದು ಕೂತಿದ್ದಾನೋ. ಹಿಡಿದು ಕೂತವನ ಹೆಸರನ್ನು ಪುಸ್ತಕದಲ್ಲಿ ಬರೆದಿಡಿ.

ನಮ್ಮ ಗುಂಪಿನಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿರುವ ಅಣ್ಣ ಒಬ್ಬರಿದ್ದಾರೆ. ಇಂಗ್ಲಿಷ್ ಕಾಮೆಂಟರಿ ಅವರಿಗೆ ಬೇಡವೇ ಬೇಡ. ಅಂಕಿಗಳನ್ನು ನಮಗಿಂತ ಮೊದಲು ಹಿಡಿಯುತ್ತಾರೆ. "ಮಿಲಿಮೀಟರಿನಾಗ ದುಡಿಯೋನಿಗೆ ಐದನೇ ಒಂದು ಸೆಕೆಂಡ್ ಏನ್ ದೊಡ್ದು ಬಿಡೋ ತಮ್ಮಾ" ಎನ್ನುತ್ತಾರೆ.

ಹಂತ 5: ಟ್ರ್ಯಾಕ್, ಗೇಟ್, ಡ್ರೈವರ್

ಟ್ರ್ಯಾಕಿನ ಉದ್ದ ತಿಳಿಯದೆ ಗೇಟ್ ಸಂಖ್ಯೆಗೆ ಅರ್ಥವಿಲ್ಲ. ನ್ಯೂಯಾರ್ಕಿನ ಯಾಂಕರ್ಸ್, ಒಹಾಯೊದ ಡೆಲವೇರ್ ಅರ್ಧ ಮೈಲಿಯವು: ನಾಲ್ಕು ತಿರುವು, ಚಿಕ್ಕ ನೇರ. ಅಲ್ಲಿ ಒಳ ಗೇಟ್ ಸಿಕ್ಕವನು ಪುಣ್ಯವಂತ. 7, 8ರಿಂದ ಬರುವವನು ಮೊದಲ ತಿರುವಿನಲ್ಲೇ ಹಿಂದಕ್ಕೆ ಸೇರಬೇಕು ಅಥವಾ ಹೊರಗೇ ಸಾಯಬೇಕು. ಮೊಹಾಕ್ ಎಂಟನೇ ಏಳು ಮೈಲಿ. ಮೆಡೋಲ್ಯಾಂಡ್ಸ್ ಮತ್ತು ಕೆಂಟಕಿಯ ರೆಡ್ ಮೈಲ್ ಪೂರ್ತಿ ಒಂದು ಮೈಲಿ. ಉದ್ದ ನೇರ ಇರುವುದರಿಂದ ಹಿಂದಿನಿಂದ ಬರುವವರಿಗೂ ಆಸೆ ಇದೆ. ಯಾಂಕರ್ಸ್‌ನ 1:53ನ್ನೂ ಮೆಡೋಲ್ಯಾಂಡ್ಸ್‌ನ 1:51ನ್ನೂ ಪಕ್ಕಪಕ್ಕ ಇಟ್ಟು ಇದೇ ಜೋರು ಎನ್ನಬೇಡಿ.

ಡ್ರೈವರ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ, ಗುಂಪಿನಲ್ಲಿ ಯಾರೂ ಒಪ್ಪುವುದಿಲ್ಲ. ಜಾನ್ ಕ್ಯಾಂಬೆಲ್ ಹತ್ತು ಸಾವಿರಕ್ಕೂ ಹೆಚ್ಚು ರೇಸ್, ಆರು ಹ್ಯಾಂಬಲ್ಟೋನಿಯನ್ ಗೆದ್ದವರು. ಡೇವ್ ಪಲೋನ್ ಇಪ್ಪತ್ತು ಸಾವಿರ ದಾಟಿದವರು. ಅಂಥವರ ಕೈಯ ಬೆಲೆ ಎಲ್ಲರಿಗೂ ಗೊತ್ತು, ಹಾಗಾಗಿ ಆಡ್ಸ್‌ನಲ್ಲಿ ಆಗಲೇ ಸೇರಿಹೋಗಿರುತ್ತದೆ. ಗಮನಿಸಬೇಕಾದ್ದು ಬದಲಾವಣೆಯನ್ನು: ಒಬ್ಬ ಒಳ್ಳೆಯ ಡ್ರೈವರ್‌ಗೆ ಒಂದೇ ರೇಸಿನಲ್ಲಿ ಎರಡು ಕುದುರೆ ಸಿಕ್ಕಾಗ ಅವನು ಯಾವುದನ್ನು ಬಿಟ್ಟ? ಟ್ರೈನರ್ ಬದಲಾದ ಮೇಲೆ ಮೊದಲ ಓಟವೇ? ಕೆಳ ದರ್ಜೆಗೆ ಇಳಿಸಿದ್ದಾರೆಯೇ? ತಿಂಗಳಿಗೂ ಮೀರಿ ರಜೆಯಲ್ಲಿದ್ದು ಕ್ವಾಲಿಫೈಯರ್ (ಅರ್ಹತೆ ತೋರಿಸುವ ಓಟ) ಓಡಿ ಬಂದ ಕುದುರೆಯಾದರೆ ಆ ಕ್ವಾಲಿಫೈಯರ್‌ನ ಕೊನೆಯ ಕಾಲು ಮೈಲಿ ನೋಡಿ. ಒಟ್ಟು ಸಮಯ ಅಲ್ಲಿ ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಹಂತ 6: ಫ್ರಾನ್ಸಿನ ಬಾಗಿಲು

ಅಮೆರಿಕದ ಪ್ರೋಗ್ರಾಮ್ ಕೈಗೆ ಬಂದ ಮೇಲೆ ವಿನ್ಸೆನ್ ನೋಡಿ. ಅದು ಬೇರೆಯೇ ಲೋಕ: ಪ್ರಿ ದಾಮೆರಿಕ್‌ನಲ್ಲಿ ಹದಿನೆಂಟು ಕುದುರೆ, 2700 ಮೀಟರ್, ನಡುವೆ ಒಂದು ಏರು. ಮುಂದೆ ಓಡಿ ಎಲ್ಲರನ್ನೂ ಕಂಗೆಡಿಸುವವನು ಆ ಏರಿನಲ್ಲಿ ಬೆಲೆ ತೆರುತ್ತಾನೆ. 1920ರಿಂದ ನಡೆಯುತ್ತಿರುವ ಈ ರೇಸನ್ನು ನಾಲ್ಕು ಸಲ ಗೆದ್ದದ್ದು ಉರಾಸಿ ಎಂಬ ಕುದುರೆ, 1986, 1987, 1988 ಮತ್ತೆ 1990ರಲ್ಲಿ.

ನಮ್ಮಂಥ ದೂರದವರಿಗೆ ಫ್ರೆಂಚರು ಎರಡು ಉಪಕಾರ ಮಾಡಿದ್ದಾರೆ. ಒಂದು, ಹೆಸರಿನ ಮೊದಲ ಅಕ್ಷರ. ಒಂದು ವರ್ಷ ಹುಟ್ಟಿದ ಫ್ರೆಂಚ್ ಟ್ರಾಟರ್‌ಗಳಿಗೆಲ್ಲ ಒಂದೇ ಇಂಗ್ಲಿಷ್ ಅಕ್ಷರದಿಂದ ಹೆಸರಿಡುತ್ತಾರೆ. ಬೋಲ್ಡ್ ಈಗಲ್‌ನ ಬಿ ಎಂದರೆ 2011, ಫೇಸ್ ಟೈಮ್ ಬೂರ್ಬನ್‌ನ ಎಫ್ ಎಂದರೆ 2015, ಇಡಾವೊ ದ ತಿಯಾರ್‌ನ ಐ ಎಂದರೆ 2018. ಹೆಸರು ನೋಡಿದರೆ ವಯಸ್ಸು ಗೊತ್ತು. ಎರಡು, ಕುದುರೆ ಲಾಳ ಹಾಕಿ ಓಡುತ್ತದೋ ಇಲ್ಲವೋ ಎಂದು ಮೊದಲೇ ಪ್ರಕಟಿಸುತ್ತಾರೆ. ಡಿ4 ಎಂದರೆ ನಾಲ್ಕೂ ಕಾಲು ಬರಿಗಾಲು, ಡಿಎ ಎಂದರೆ ಮುಂದಿನ ಎರಡು, ಡಿಪಿ ಹಿಂದಿನ ಎರಡು. ಬರಿಗಾಲಿನಲ್ಲಿ ಕುದುರೆ ಹಗುರಾಗಿ ವೇಗ ಪಡೆಯುತ್ತದೆ, ಆದರೆ ಪ್ರತಿ ಸಲ ಹಾಗೆ ಓಡಿಸಿದರೆ ಗೊರಸು ಸವೆಯುತ್ತದೆ. ಹಾಗಾಗಿ ಟ್ರೈನರ್ ಲಾಳ ತೆಗೆಸಿದ್ದಾನೆ ಎಂದರೆ ಇವತ್ತು ಗೆಲ್ಲಬೇಕೆಂದೇ ಬಂದಿದ್ದಾನೆ. ಹಿಂದಿನ ಎರಡು ಮೂರು ಓಟ ಲಾಳದಲ್ಲಿ ಓಡಿ ಹಿಂದೆ ಬಿದ್ದ ಕುದುರೆಗೆ ಇವತ್ತು ಡಿ4 ಎಂದಿದ್ದರೆ ಕಣ್ಣು ಮುಚ್ಚಿ ಪಟ್ಟಿಗೆ ಹಾಕುತ್ತೇನೆ.

ಜಗಳವಾಡಬೇಕಾದ ವಿಷಯಗಳು

ವೇಗದ ಹುಚ್ಚು ಈ ಆಟವನ್ನು ಕೆಡಿಸುತ್ತಿದೆ. 1906ರಲ್ಲಿ ಡ್ಯಾನ್ ಪ್ಯಾಚ್ ಎಂಬ ಪೇಸರ್ 1:55ರಲ್ಲಿ ಮೈಲಿ ಓಡಿದಾಗ ಅಮೆರಿಕವೇ ಕುಣಿಯಿತು. 1970ರ ದಶಕದ ನಡುವೆ ಸಲ್ಕಿಯ ವಿನ್ಯಾಸ ಬದಲಾದ ಮೇಲೆ ಸಮಯಗಳು ಇಳಿಯುತ್ತಾ ಬಂದವು. 2022ರ ಜುಲೈ 16ರಂದು ಮೆಡೋಲ್ಯಾಂಡ್ಸ್‌ನಲ್ಲಿ ಬುಲ್‌ಡಾಗ್ ಹ್ಯಾನೋವರ್ 1:45.4 ಓಡಿತು. ಟ್ರಾಟರ್‌ಗಳಲ್ಲಿ ಹೋಮಿಸೈಡ್ ಹಂಟರ್ 2018ರಲ್ಲಿ ರೆಡ್ ಮೈಲ್‌ನಲ್ಲಿ 1:48.4. ಅದ್ಭುತವೇ, ಅನುಮಾನವಿಲ್ಲ. ಆದರೆ ಮೊದಲ ಅರ್ಧ ಮೈಲಿ ಅಷ್ಟು ಜೋರಾದರೆ ಹಿಂದಿನವರಿಗೆ ಹೊರಗೆ ಬರಲು ಧೈರ್ಯವೇ ಇರುವುದಿಲ್ಲ, ರೇಸ್ ಮೆರವಣಿಗೆ ಆಗುತ್ತದೆ. ಅದಕ್ಕೇ ನನಗೆ ಪೇಸ್‌ಗಿಂತ ಟ್ರಾಟ್ ಇಷ್ಟ, ಮೈಲಿಗಿಂತ 2700 ಮೀಟರ್ ಇಷ್ಟ.

ಕ್ಯಾಸಿನೊ ದುಡ್ಡು ಇನ್ನೊಂದು. ಟ್ರ್ಯಾಕ್ ಪಕ್ಕದಲ್ಲಿ ಸ್ಲಾಟ್ ಮೆಷಿನ್ ಇಟ್ಟು ಅದರ ಪಾಲಿನಿಂದ ಬಹುಮಾನ ಹೆಚ್ಚಿಸಿದರು. ಕೆನಡಾದ ಒಂಟಾರಿಯೊದಲ್ಲಿ 1998ರಲ್ಲಿ ಶುರುವಾದ ಆ ಯೋಜನೆಯನ್ನು ಸರ್ಕಾರ 2013ರಲ್ಲಿ ನಿಲ್ಲಿಸಿದಾಗ ಕುದುರೆ ಸಾಕುವವರ ಕಾಲ ಕೆಳಗಿನ ನೆಲವೇ ಕುಸಿಯಿತು. ಪ್ರೇಕ್ಷಕರನ್ನು ಬೆಳೆಸದೆ ಮೆಷಿನ್ ನಂಬಿದ್ದಕ್ಕೆ ಅದು ಕೂಲಿ. ನ್ಯೂಯಾರ್ಕಿನ ರೂಸ್‌ವೆಲ್ಟ್ ರೇಸ್‌ವೇ 1988ರಲ್ಲೇ ಮುಚ್ಚಿತ್ತು, ಫ್ಲಾರಿಡಾದ ಪೊಂಪಾನೊ ಪಾರ್ಕ್ 2022ರಲ್ಲಿ ಮುಚ್ಚಿತು.

ಮದ್ದಿನ ವಿಷಯ ಮುಚ್ಚಿಡುವಂತಿಲ್ಲ. 2020ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ವಕೀಲರು ಇಪ್ಪತ್ತಕ್ಕೂ ಹೆಚ್ಚು ಟ್ರೈನರ್, ಪಶುವೈದ್ಯ ಮೊದಲಾದವರ ಮೇಲೆ ಮೊಕದ್ದಮೆ ಹೂಡಿದರು. ಥರೋಬ್ರೆಡ್ ಕಡೆಯವರೂ ಇದ್ದರು, ಹಾರ್ನೆಸ್ ಕಡೆಯವರೂ ಇದ್ದರು. ಅದೇ ವರ್ಷದ ಕೊನೆಗೆ ಬಂದ ಅಮೆರಿಕದ ರೇಸಿಂಗ್ ಸುರಕ್ಷತಾ ಕಾಯ್ದೆ ಥರೋಬ್ರೆಡ್‌ಗಳಿಗೆ ಕಡ್ಡಾಯ, ಸ್ಟ್ಯಾಂಡರ್ಡ್‌ಬ್ರೆಡ್‌ಗಳಿಗೆ ಅಲ್ಲ. ಈ ತಾರತಮ್ಯ ಎಷ್ಟು ದಿನ?

ಚಾವಟಿಯ ಮಾತು ಬಂದಾಗ ನಮ್ಮ ಗುಂಪಿನಲ್ಲಿ ಹೊನ್ನಾಳಿ ಕಡೆಯವರೊಬ್ಬರು ಹೋರಿ ಹಬ್ಬದ ಪರ ಎದ್ದು ನಿಲ್ಲುತ್ತಾರೆ, "ಅಲ್ಲೇನು ಮುದ್ದು ಮಾಡ್ತಾರೇನ್ರೀ?" ಎನ್ನುತ್ತಾರೆ. ಕಂಬಳ, ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಟ್ಟ ಕರ್ನಾಟಕದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು, ಷರತ್ತುಗಳಿಗೆ ಒಳಪಟ್ಟು. ಷರತ್ತು ಕಾಗದದಲ್ಲೇ ಉಳಿದರೆ ಇಲ್ಲಿಯೂ ಅಲ್ಲಿಯೂ ಒಂದೇ. ಹಾರ್ನೆಸ್‌ನಲ್ಲಿ ಎರಡೂ ಕೈಯಲ್ಲಿ ಲಗಾಮು ಹಿಡಿದೇ ಇರಬೇಕೆಂಬ ನಿಯಮ ಹಲವೆಡೆ ಬಂದಿದೆ. ನನಗೆ ಕೇಳಿದರೆ ಚಾವಟಿಯನ್ನೇ ತೆಗೆದರೂ ಆಟಕ್ಕೆ ಏನೂ ಆಗದು. ಎಲ್ಲರ ಕೈಯಿಂದಲೂ ತೆಗೆದ ಮೇಲೆ ಯಾರಿಗೆ ನಷ್ಟ?

ಹಂತ 7: ಕಾಸಿಲ್ಲದ ಲೀಗ್ ನಡೆಸುವುದು

ಮೊದಲ ನಿಯಮ: ದುಡ್ಡು ಇಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಫ್ಯಾಂಟಸಿ ಸೇರಿದಂತೆ, ನಿಷೇಧಿಸಿದೆ. ವಿದೇಶಿ ಬೆಟ್ಟಿಂಗ್ ಆಪ್‌ಗಳ ಲಿಂಕ್ ಯಾರಾದರೂ ಕಳಿಸಿದರೆ ಗುಂಪಿನಿಂದ ತೆಗೆಯಿರಿ. ನಮ್ಮಲ್ಲಿ ಸೋತವನು ಮಿರ್ಚಿ ಮಂಡಕ್ಕಿ ಕೊಡಿಸುವ ಪದ್ಧತಿಯನ್ನೂ ಇಟ್ಟಿಲ್ಲ, ಅವರವರ ಪ್ಲೇಟಿಗೆ ಅವರವರೇ ಕೊಡಬೇಕು.

ವಾಟ್ಸಾಪ್ ಗುಂಪು ಸಾಕು. ಶನಿವಾರ ಮಧ್ಯಾಹ್ನ ಒಬ್ಬರು ನಾಲ್ಕು ರೇಸ್ ಆರಿಸಿ ಎಂಟ್ರಿ ಹಾಕುತ್ತಾರೆ. ಎರಡಾದರೂ ಟ್ರಾಟ್ ಇರಲೇಬೇಕು. ರಾತ್ರಿ ಒಂಬತ್ತರೊಳಗೆ ಪ್ರತಿ ರೇಸಿಗೆ ಒಂದು ಪಿಕ್, ಒಂದು ಬದಲಿ ಬರೆಯಬೇಕು. ನಾವು ಮಲಗಿದ ಮೇಲೆ ಕುದುರೆ ಸ್ಕ್ರ್ಯಾಚ್ ಆದರೆ, ಅಂದರೆ ರೇಸಿನಿಂದ ಹಿಂದೆ ಸರಿದರೆ, ಬದಲಿ ಲೆಕ್ಕಕ್ಕೆ. ಎಡಿಟ್ ಮಾಡಿದ ಮೆಸೇಜ್ ರದ್ದು. ಪಿಕ್ ಜೊತೆ ಒಂದು ಸಾಲು ಕಾರಣ ಕಡ್ಡಾಯ, ಆ ಕಾರಣ ಟ್ರಿಪ್, ಗೇಟ್, ಲಾಳ, ದರ್ಜೆ ಇಂಥದ್ದರ ಬಗ್ಗೆ ಇರಬೇಕು. ಹೆಸರು ಚೆನ್ನಾಗಿದೆ ಎಂದು ಬರೆದರೆ ಗೆದ್ದರೂ ಸೊನ್ನೆ. ಪಿಯುಸಿ ಓದುವ ತಂಗಿಯೊಬ್ಬಳು ಇದನ್ನು ಕಟುವಾಗಿ ಜಾರಿ ಮಾಡುತ್ತಾಳೆ, ಹಿರಿಯರೆಂದು ಬಿಡುವುದಿಲ್ಲ.

ಗೆದ್ದರೆ 10, ಎರಡನೆಯದಕ್ಕೆ 5, ಮೂರನೆಯದಕ್ಕೆ 3. ಇಷ್ಟೇ ಇಟ್ಟರೆ ಎಲ್ಲರೂ ಫೇವರಿಟ್ ಕುದುರೆಯನ್ನೇ ಬರೆದು ಮಲಗುತ್ತಾರೆ, ಆಟ ಸತ್ತುಹೋಗುತ್ತದೆ. ಅದಕ್ಕೆ ಮಾರ್ನಿಂಗ್ ಲೈನ್ ಆಡ್ಸ್ (ರೇಸಿಗೆ ಮೊದಲೇ ಟ್ರ್ಯಾಕಿನವರು ಪ್ರಕಟಿಸುವ ಅಂದಾಜು ದರ) ಸೇರಿಸಿದ್ದೇವೆ: 8ಕ್ಕೆ 1 ಎಂದಿದ್ದ ಕುದುರೆ ಗೆದ್ದರೆ ಮೇಲೆ 8, ಗರಿಷ್ಠ 12. ಆಡ್ಸನ್ನು ಸಾಧ್ಯತೆಯಾಗಿ ಓದುವುದೂ ಇದರಿಂದ ಕಲಿತಂತೆ: 3ಕ್ಕೆ 1 ಎಂದರೆ ನಾಲ್ಕರಲ್ಲಿ ಒಂದು ಸಲ ಗೆಲ್ಲುತ್ತದೆಂಬ ಅಂದಾಜು, 4ಕ್ಕೆ 5 ಎಂದರೆ ಶೇ 55ರಷ್ಟು. ನಿಮ್ಮ ಅಂದಾಜು ಅದಕ್ಕಿಂತ ಹೆಚ್ಚಿದ್ದಾಗ ಮಾತ್ರ ಆ ಕುದುರೆ ಒಳ್ಳೆಯ ಪಿಕ್. ಆರಿಸಿದ ಟ್ರಾಟರ್ ಬ್ರೇಕ್ ಮಾಡಿದರೆ 2 ಕಳೆಯಿರಿ. ಹಿಂದಿನ ಸಾಲುಗಳಲ್ಲಿ ಗುಣಿಸು ಗುರುತು ಇದ್ದೂ ಆರಿಸಿದ್ದರೆ 4.

ಇಡೀ ಸೀಸನ್ನಿಗೆ ಬೇಕಾದರೆ ಮೇ ಮುಗಿಯುವುದರೊಳಗೆ ಹರಾಜು ಮಾಡಿ. ಪ್ರತಿಯೊಬ್ಬರಿಗೂ ನೂರು ಪಾಯಿಂಟ್, ಆರು ಕುದುರೆ ಕೊಳ್ಳಬೇಕು, ಅದರಲ್ಲಿ ಎರಡಾದರೂ ಎರಡು ವರ್ಷದವು. ವಯಸ್ಸಾದ ಕುದುರೆಯನ್ನು ಕಡೆಗಣಿಸಬೇಡಿ: ಫಾಯಿಲ್ಡ್ ಅಗೇನ್ ಹದಿನಾಲ್ಕನೇ ವಯಸ್ಸಿನವರೆಗೆ ಓಡಿ ಎಪ್ಪತ್ತು ಲಕ್ಷ ಡಾಲರ್ ಮೀರಿ ಗಳಿಸಿತು, ವಯಸ್ಸಿನ ಮಿತಿ ಬಂದದ್ದರಿಂದ ನಿಂತಿತು. ಅಂಥದೊಂದು ಹರಾಜಿನಲ್ಲಿ ಎರಡು ಮೂರು ಪಾಯಿಂಟಿಗೆ ಸಿಗುತ್ತದೆ.

ತಗಾದೆ ಬಂದೇ ಬರುತ್ತದೆ. ಕೆಳಗಿಳಿಸಿದ ಕುದುರೆಗೆ ಯಾವ ಸ್ಥಾನ ಎಂದರೆ ಅಧಿಕೃತ ಫಲಿತಾಂಶವೇ ಕೊನೆ, ಗೆರೆ ದಾಟಿದ ಕ್ರಮ ಅಲ್ಲ. ಡೆಡ್ ಹೀಟ್ ಆದರೆ? ಅರ್ಧರ್ಧ ಹಂಚೋಣ ಎಂದವರೂ ಇದ್ದರು. 1989ರ ಹ್ಯಾಂಬಲ್ಟೋನಿಯನ್‌ನ ಕೊನೆಯ ಸುತ್ತಿನಲ್ಲಿ ಪಾರ್ಕ್ ಅವೆನ್ಯೂ ಜೋ ಮತ್ತು ಪ್ರೋಬ್ ಒಟ್ಟಿಗೇ ಗೆರೆ ದಾಟಿದವು, ವಾದ ಕೋರ್ಟಿನವರೆಗೆ ಹೋಗಿ ಕೊನೆಗೆ ಎರಡೂ ವಿಜೇತರೆಂದೇ ದಾಖಲಾಯಿತು. ಅದನ್ನು ಮೇಲ್ಪಂಕ್ತಿಯಾಗಿಟ್ಟುಕೊಂಡು ನಾವು ಇಬ್ಬರಿಗೂ ಪೂರ್ತಿ ಹತ್ತು ಕೊಡುತ್ತೇವೆ, ಮಾರ್ನಿಂಗ್ ಲೈನಿನ ಹೆಚ್ಚುವರಿಯನ್ನು ಮಾತ್ರ ಅರ್ಧ ಮಾಡುತ್ತೇವೆ.